ಕೆಂಪು ರಾಟವಾಳ ಮತ್ತು ಕೆರೆಯಂಗಳದ ಹುಲ್ಲು: ತೆಗೆಯುವುದಾದರೆ ಯಾವ ತಿಂಗಳಲ್ಲಿ?

ಅರ್ಕಾವತಿ ದಂಡೆ:
ನಮ್ಮೂರ ಕೆರೆಯಂಗಳದಲ್ಲಿ ಬೆಳೆದು ನಿಂತಿರುವ ಆಪು, ಜೊಂಡು, ಹುಲ್ಲನ್ನೆಲ್ಲ ದೀಪಾವಳಿ ಕಳೆದ ಕೂಡಲೇ ಜೆಸಿಬಿ ತರಿಸಿ ತೆಗೆಸಬೇಕೆಂದು ಪಂಚಾಯಿತಿಯಲ್ಲಿ ಮಾತು ನಡೆದಿದೆ. ಕೆರೆ ಹಸನಾಗುವುದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಅದೇ ಹುಲ್ಲಿನಲ್ಲಿ ಈಗ ಕೆಂಪು ರಾಟವಾಳಗಳು ಜೋಡಿ ಜೋಡಿಯಾಗಿ ಹುಲ್ಲೆಳೆ ಕಚ್ಚಿಕೊಂಡು ಒಳಹೊಕ್ಕು ಹೊರಬರುತ್ತಿವೆ. ಇದನ್ನು ಹೇಳಿದಾಗ ಸದಸ್ಯರೊಬ್ಬರು, ಹಕ್ಕಿಗಳು ಗೂಡು ಕಟ್ಟುವುದು ಬೇಸಗೆಯಲ್ಲಿ ಅಲ್ಲವೇ, ಚಳಿ ಶುರುವಾಗುವಾಗ ಯಾವ ಹಕ್ಕಿ ಮರಿ ಮಾಡುತ್ತದೆ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಈ ಹಕ್ಕಿಯ ವರ್ಷದ ನಡೆಯನ್ನು ಬಲ್ಲವರು ವಿವರವಾಗಿ ಬರೆದರೆ, ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಓದಿ ಹೇಳಬಹುದು.

ಹುಲ್ಲುಗಾವಲು:
ಸದಸ್ಯರು ಹೇಳಿದ್ದು ಬುಲ್‌ಬುಲ್, ಕಾಗೆ, ಸೂರಕ್ಕಿಗಳ ಮಟ್ಟಿಗೆ ಬಹುಪಾಲು ಸರಿ. ಹುಳು, ಹಣ್ಣು, ಮಕರಂದ ನಂಬಿರುವ ಎಷ್ಟೋ ಹಕ್ಕಿಗಳು ನಮ್ಮಲ್ಲಿ ಶಿವರಾತ್ರಿಯ ಆಚೀಚೆಯಿಂದ ಮುಂಗಾರು ಹಿಡಿಯುವವರೆಗೆ ಮರಿ ಮಾಡುತ್ತವೆ. ಹುಲ್ಲಿನ ಬೀಜ ತಿಂದು ಬದುಕುವ ಹಕ್ಕಿಯ ಲೆಕ್ಕ ಬೇರೆ. ಅದಕ್ಕೆ ಮರಿ ಸಾಕುವ ಕಾಲವೆಂದರೆ ಹುಲ್ಲು ತೆನೆ ಬಿಡುವ ಕಾಲ. ಹುಲ್ಲು ತೆನೆ ಬಿಡಬೇಕಾದರೆ ಮಳೆ ಬಿದ್ದು ಕೆಲವು ವಾರಗಳಾಗಿರಬೇಕು. ಬೆಂಗಳೂರು, ತುಮಕೂರು, ಕೋಲಾರದ ಕಡೆ ವರ್ಷದ ದೊಡ್ಡ ಮಳೆ ಸುರಿಯುವುದೇ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಹಾಗಾಗಿ ಕೆರೆಯಂಗಳದ ಹುಲ್ಲಿನಲ್ಲಿ ಕಾಳು ಹಾಲುಗಟ್ಟುವುದು, ಬಲಿಯುವುದು, ಉದುರುವುದು ಎಲ್ಲವೂ ಮಳೆ ಹಿಂದೆಗೆಯುವ ಹೊತ್ತಿಗೆ ಒತ್ತಾಗಿ ಬರುತ್ತವೆ. ಕೆಂಪು ರಾಟವಾಳ ಮಳೆಗಾಲದ ನಡುವಿನಿಂದ ಮಳೆ ನಿಂತ ಮೇಲಿನ ತಿಂಗಳುಗಳವರೆಗೂ ಗೂಡು ಮಾಡುತ್ತದೆ. ತಾವು ನೋಡುತ್ತಿರುವುದು ಅದನ್ನೇ.

ಲೆಕ್ಕ ಬೇಕೆಂದಿರಿ. ಮೊಟ್ಟೆಗಳು ಅಚ್ಚ ಬಿಳಿ, ಸಾಮಾನ್ಯವಾಗಿ ಐದಾರು ಇರುತ್ತವೆ, ದಿನಕ್ಕೊಂದರಂತೆ ಬರುತ್ತವೆ. ಕಾವಿಗೆ 11ರಿಂದ 14 ದಿನ ಹಿಡಿಯುತ್ತದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೂರುತ್ತವೆ. ಮರಿ ಗೂಡು ಬಿಟ್ಟು ಹಾರಲು ಮತ್ತೆ ಸುಮಾರು 20 ದಿನ ಬೇಕು. ಮೊದಲ ಮೊಟ್ಟೆಯಿಂದ ಕೊನೆಯ ಮರಿ ಹೊರಬೀಳುವವರೆಗೆ ಹತ್ತಿರ ಹತ್ತಿರ 40 ದಿನಗಳಾದವು. ದೀಪಾವಳಿಯ ಹೊತ್ತಿಗೆ ಹುಲ್ಲೆಳೆ ಹೊರುತ್ತಿರುವ ಜೋಡಿ ಡಿಸೆಂಬರ್ ಬರುವ ಮುನ್ನ ಬಿಡುವಾಗುವುದಿಲ್ಲ. ತಡವಾಗಿ ಮೊಟ್ಟೆಯಿಟ್ಟ ಜೋಡಿಗಳನ್ನೂ ಸೇರಿಸಿಕೊಂಡರೆ ಜನವರಿಯನ್ನು ಬಿಟ್ಟುಕೊಡುವುದೇ ಮೇಲು.

ಬೆಳ್ಳಂದೂರಿನ ಓದುಗ:
ನಡುವೆ ಒಂದು ಸಂದೇಹ. ಬೇಸಗೆಯಲ್ಲಿ ನಾನು ಕೆರೆ ಏರಿಯ ಮೇಲೆ ನಡೆಯುವಾಗ ಕೆಂಪು ಹಕ್ಕಿ ಒಂದೂ ಕಾಣುವುದಿಲ್ಲ. ಇವು ವಲಸೆ ಹೋಗುತ್ತವೆಯೇ? ವಲಸೆ ಹೋಗುವ ಹಕ್ಕಿಯಾದರೆ ಒಂದು ಕೆರೆಯ ಹುಲ್ಲು ಹೋದರೂ ಇನ್ನೊಂದು ಕೆರೆಗೆ ಹೋಗಬಹುದಲ್ಲ.

ಹುಲ್ಲುಗಾವಲು:
ದೂರದ ವಲಸೆ ಇಲ್ಲ. ಮೇವು, ನೀರು ಇರುವ ಕಡೆಗೆ ಹಿಂಡು ಆಸುಪಾಸಿನಲ್ಲಿ ಸರಿದಾಡುತ್ತದೆ, ಅಷ್ಟೆ. ತಮಗೆ ಕಾಣದಿರುವುದಕ್ಕೆ ಕಾರಣ ಗಂಡು ಹಕ್ಕಿ ವೇಷ ಕಳಚಿರುವುದು.

ಮರಿ ಮಾಡುವ ಕಾಲದ ಗಂಡನ್ನು ನೋಡಿದವರು ಮರೆಯುವುದಿಲ್ಲ. ಸುಮಾರು ಹತ್ತು ಸೆಂಟಿಮೀಟರ್ ಉದ್ದ, ಹತ್ತು ಗ್ರಾಮಿನ ಆಸುಪಾಸು ತೂಕದ ಆ ಪುಟ್ಟ ಮೈಯೆಲ್ಲ ಕಡುಗೆಂಪು. ಪಕ್ಕೆ, ರೆಕ್ಕೆ, ಎದೆಯಂಚಿನಲ್ಲಿ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಕೊಕ್ಕು ಕೆಂಪು, ಬಾಲ ಕಪ್ಪು. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಗರಿ ಉದುರಿಸಿ ಹೆಣ್ಣಿನಂತೆಯೇ ಬೂದುಗಂದು ಬಣ್ಣಕ್ಕೆ ಇಳಿಯುತ್ತದೆ. ರಾಟವಾಳಗಳ ಕುಟುಂಬ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಗಳಲ್ಲಿ ಹಬ್ಬಿರುವ ದೊಡ್ಡ ಕುಟುಂಬ; ಅದರಲ್ಲಿ ಹೀಗೆ ವರ್ಷಕ್ಕೊಮ್ಮೆ ಪೂರ್ತಿ ವೇಷ ಬದಲಿಸುವುದು ತೀರಾ ಅಪರೂಪ. ನಮ್ಮ ಚುಕ್ಕೆ ರಾಟವಾಳವಾಗಲಿ, ಕಪ್ಪು ತಲೆಯ ರಾಟವಾಳವಾಗಲಿ ವರ್ಷವಿಡೀ ಒಂದೇ ಉಡುಪಿನಲ್ಲಿರುತ್ತವೆ.

ಬೇಸಗೆಯಲ್ಲಿ ಗುರುತಿಸಬೇಕಾದರೆ ಹಕ್ಕಿ ಹಾರಿಹೋಗುವಾಗ ಬಾಲದ ಬುಡವನ್ನು ನೋಡಿ. ಬೆಳೆದ ಗಂಡು, ಹೆಣ್ಣು ಎರಡರಲ್ಲೂ ಅಲ್ಲಿ ಕೆಂಪು ಉಳಿದಿರುತ್ತದೆ, ರೆಕ್ಕೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳೂ ಇರುತ್ತವೆ. ಎಳೆಯ ಹಕ್ಕಿಗೆ ಬಾಲದ ಬುಡದ ಕೆಂಪೂ ಇಲ್ಲ, ಕೊಕ್ಕೂ ಕಪ್ಪು. ಅದನ್ನು ಬೇರೆ ಹಕ್ಕಿಯೆಂದು ಪಟ್ಟಿ ಮಾಡಿದವರು ಬಹಳ ಮಂದಿ ಇದ್ದಾರೆ.

ನೀಲಗಿರಿ ತೋಪು:
ಕೊಕ್ಕಿನ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಇದರ ಕೊಕ್ಕಿಗೂ ಪಂಚಾಂಗವಿದೆ. ಮೇ ತಿಂಗಳಲ್ಲಿ ಕೆಂಪೇರಲು ತೊಡಗಿ, ನವೆಂಬರ್, ಡಿಸೆಂಬರ್ ಹೊತ್ತಿಗೆ ಅತ್ಯಂತ ಗಾಢವಾಗಿ, ಏಪ್ರಿಲಿನಲ್ಲಿ ಬಹು ಬೇಗ ಕಪ್ಪಾಗುತ್ತದೆ. ಮತ್ತೆ ಮೇ ತಿಂಗಳಿಂದ ಅದೇ ಸುತ್ತು. ಹಗಲು ಉದ್ದವಾಗುವುದು, ಗಿಡ್ಡವಾಗುವುದಕ್ಕೆ ಈ ಸುತ್ತು ಹೊಂದಿಕೊಂಡಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಇದೇ ಹಕ್ಕಿಯನ್ನು ಇಟ್ಟುಕೊಂಡು ಗರಿಯ ಬಣ್ಣಕ್ಕೂ ದೇಹದೊಳಗಿನ ಹಾರ್ಮೋನುಗಳಿಗೂ ಇರುವ ಸಂಬಂಧವನ್ನು ಬಹಳ ಹಿಂದೆಯೇ ಪರೀಕ್ಷಿಸಿದ್ದಾರೆ. ಗ್ರಾಮಸಭೆಯಲ್ಲಿ ಹಾರ್ಮೋನು ಎಂದರೆ ಯಾರಿಗೂ ಬೇಡ. ಆದರೆ ಕೊಕ್ಕು ಕಡುಗೆಂಪಾಗಿರುವ ತಿಂಗಳುಗಳಲ್ಲಿ ಹುಲ್ಲು ಮುಟ್ಟಬೇಡಿ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಗರಿಯ ಕೆಂಪು ಬಣ್ಣಕ್ಕೆ ಮೂಲ ಆಹಾರದಲ್ಲಿದೆ. ಹಕ್ಕಿಗಳು ಈ ಜಾತಿಯ ಬಣ್ಣವನ್ನು ತಾವಾಗಿ ತಯಾರಿಸಲಾರವು. ಬೀಜ, ಹುಳುಗಳಿಂದ ಬರುವ ಕ್ಯಾರೊಟಿನಾಯ್ಡು ಎಂಬ ಹಳದಿ ಬಣ್ಣದ ವಸ್ತುಗಳನ್ನು ದೇಹದೊಳಗೆ ಕೆಂಪಾಗಿ ಮಾರ್ಪಡಿಸಿಕೊಳ್ಳುತ್ತವೆ. ಈ ಮಾರ್ಪಾಟಿಗೆ ಬೇಕಾದ ಜೀನನ್ನು 2016ರಲ್ಲಿ ಜೀಬ್ರಾ ಫಿಂಚ್ ಮತ್ತು ಕೆಂಪು ಕ್ಯಾನರಿಗಳಲ್ಲಿ ಗುರುತಿಸಿದರು. ಬಿಸಿಲು ಕಾಣದ ಪಂಜರದಲ್ಲಿ ಒಣ ಕಾಳನ್ನಷ್ಟೇ ತಿಂದು ಬದುಕಿದ ಕೆಂಪು ರಾಟವಾಳ ಬರಬರುತ್ತ ಕಪ್ಪಾಗುವುದನ್ನು ಹಕ್ಕಿ ಸಾಕುವವರೇ ಹೇಳುತ್ತಾರೆ.

ಅಚ್ಚುಕಟ್ಟು:
ನಾನು ಕೆರೆಯ ಕೆಳಗೆ ಭೂಮಿ ಇರುವವನು. ಹಕ್ಕಿಯ ಬಣ್ಣದ ಬಗ್ಗೆ ಓದಲು ಸೊಗಸಾಗಿದೆ, ಬೇಡವೆನ್ನುವುದಿಲ್ಲ. ಆದರೆ ಆಪು ಹಬ್ಬಿದ ಕೆರೆಯಲ್ಲಿ ಹೂಳು ನಿಲ್ಲುತ್ತದೆ, ತೂಬಿನ ಬಾಯಿ ಕಟ್ಟಿಕೊಳ್ಳುತ್ತದೆ, ಕೋಡಿಯ ಹತ್ತಿರ ನೀರು ಸರಾಗವಾಗಿ ಹರಿಯುವುದಿಲ್ಲ. ಜನವರಿಯವರೆಗೆ ಕಾಯಿರಿ ಎಂದರೆ ಜೆಸಿಬಿ ಸಿಗುವ ಕಾಲ ಬೇರೆ, ಹಣ ಬರುವ ಕಾಲ ಬೇರೆ. ಇನ್ನೊಂದು ಮಾತನ್ನು ಯಾರೂ ಎತ್ತಲಿಲ್ಲ: ಇದೇ ರಾಟವಾಳಗಳ ಹಿಂಡು ರಾಗಿ ತೆನೆಯ ಮೇಲೂ ಕೂರುತ್ತದೆ. ಊರಿನವರು ತಮ್ಮ ಬೆಳೆ ತಿನ್ನುವ ಹಕ್ಕಿಗಾಗಿ ಕೆರೆ ಕೆಲಸವನ್ನು ಮುಂದೂಡಬೇಕೇ?

ಹುಲ್ಲುಗಾವಲು:
ತಾವು ಎತ್ತಿದ ಎರಡೂ ಮಾತು ಈ ಚರ್ಚೆಗೆ ಬೇಕಾದವೇ.

ಬೆಳೆಯ ವಿಷಯ ಮೊದಲು. ರಾಟವಾಳ ಎಂಬ ಒಂದೇ ಹೆಸರಿನಲ್ಲಿ ನಾವು ಹಲವು ಹಕ್ಕಿಗಳನ್ನು ಕರೆಯುತ್ತೇವೆ. ಭತ್ತ, ರಾಗಿಯ ಮೇಲೆ ದೊಡ್ಡ ಹಿಂಡಾಗಿ ಇಳಿಯುವುದು ಹೆಚ್ಚಾಗಿ ಚುಕ್ಕೆ ರಾಟವಾಳ, ಕಪ್ಪು ತಲೆಯ ರಾಟವಾಳ. ಅವುಗಳ ಕೊಕ್ಕು ದಪ್ಪ, ಬುಡ ಅಗಲ. ಕೆಂಪು ರಾಟವಾಳದ ಕೊಕ್ಕು ಅದಕ್ಕಿಂತ ಸಣ್ಣದು, ನವುರಾದದ್ದು. ಅದರ ಮುಖ್ಯ ಆಹಾರ ಕಾಡುಹುಲ್ಲಿನ ಸಣ್ಣ ಬೀಜ. ಮೊದಲ ಮಳೆಗೆ ಈಸಲು ಎದ್ದಾಗ ಅವನ್ನೂ, ಮರಿಗಳಿರುವಾಗ ಸಣ್ಣ ಹುಳುಗಳನ್ನೂ ಹಿಡಿಯುತ್ತದೆ. ರಾಗಿ ಕಾಳೂ ಸಣ್ಣದೇ ಆದ್ದರಿಂದ ಎಂದೂ ಮುಟ್ಟುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಅಂಗಳದಲ್ಲಿ ಹುಲ್ಲಿನ ಬೀಜ ಇರುವವರೆಗೆ ಅದಕ್ಕೆ ಹೊಲಕ್ಕೆ ಬರುವ ತುರ್ತಿಲ್ಲ. ಹುಲ್ಲು ಪೂರ್ತಿ ತೆಗೆದರೆ ಹಿಂಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಾವೇ ಯೋಚಿಸಿ.

ಈಗ ಆಪಿನ ವಿಷಯ. ಈ ಚರ್ಚೆಯಲ್ಲಿ ಆಪು, ಜೊಂಡು, ಹುಲ್ಲು ಮೂರನ್ನೂ ಒಂದೇ ಎಂಬಂತೆ ಮಾತಾಡುತ್ತಿದ್ದೇವೆ; ಹಕ್ಕಿಯ ದೃಷ್ಟಿಯಿಂದ ಹಾಗಲ್ಲ. ನೀರಿನ ನಡುವೆ ಒತ್ತಾಗಿ ನಿಂತ ಆಪಿನಲ್ಲಿ ಕೆಂಪು ರಾಟವಾಳ ರಾತ್ರಿ ತಂಗಬಹುದು, ಹದ್ದು ಬಂದಾಗ ನುಗ್ಗಿ ಅವಿತುಕೊಳ್ಳಬಹುದು. ಗೂಡು ಕಟ್ಟುವುದು ಅಂಚಿನಲ್ಲಿ. ನೀರು ಹಿಂದೆ ಸರಿದ ತೇವದ ನೆಲದ ಎತ್ತರದ ಹುಲ್ಲಿನ ಬುಡದಲ್ಲಿ, ಇಲ್ಲವೇ ಹುಲ್ಲು ಹೆಣೆದುಕೊಂಡ ಮುಳ್ಳುಪೊದೆಯಲ್ಲಿ, ಬಹುಮಟ್ಟಿಗೆ ಮೊಣಕಾಲೆತ್ತರದೊಳಗೆ. ಹುಲ್ಲಿನಿಂದ ನೆಯ್ದ ಚೆಂಡಿನಂಥ ಗೂಡಿಗೆ ಪಕ್ಕದಲ್ಲೊಂದು ಬಾಯಿ, ಒಳಗೆ ಮೆತ್ತೆಗೆ ಗರಿಗಳು. ಬಿಳಿಗತ್ತಿನ ರಾಟವಾಳದ ಹಾಗೆ ಗೀಜಗ ಬಿಟ್ಟುಹೋದ ಹಳೆಯ ಗೂಡಿಗೆ ಹೊಕ್ಕು ಸಂಸಾರ ಹೂಡುವ ಜಾಣತನ ಇದರದಲ್ಲ. ಆದ್ದರಿಂದ ತೂಬಿನ ಬಾಯಿ, ಕೋಡಿ, ಕೆರೆಯ ನಡುವಿನ ಆಪನ್ನು ತೆಗೆಯಲು ಜನವರಿಯವರೆಗೆ ಕಾಯಲೇಬೇಕೆಂದಿಲ್ಲ. ಕಾಯಬೇಕಾದದ್ದು ಅಂಚಿನ ಹುಲ್ಲಿಗೆ. ವಿಪರ್ಯಾಸವೆಂದರೆ ಜೆಸಿಬಿ ಇಳಿಯುವುದು ಅಂಚಿನಿಂದಲೇ. ನಡುವಿನ ಕೆಸರಿಗೆ ಹೋಗಲಾರದೆ ದಡದ ಹುಲ್ಲನ್ನೇ ಕೆರೆದು ಬಿಲ್ಲು ಬರೆಸಿಕೊಂಡು ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ.

ಅಚ್ಚುಕಟ್ಟು:
ಕೊನೆಯ ಮಾತು ನಿಜ. ಹಾಗಾದರೆ ನಡುವಿನ ಆಪಿಗೆ ಉಪಾಯವೇನು?

ನೀಲಗಿರಿ ತೋಪು:
ಆಪು ಕೆಸರೊಳಗಿನ ಗೆಡ್ಡೆಯಿಂದ ಮತ್ತೆ ಮತ್ತೆ ಚಿಗುರುತ್ತದೆ. ಮೇಲಿಂದ ಮೇಲೆ ಕತ್ತರಿಸಿದರೆ ಪ್ರಯೋಜನವಿಲ್ಲ. ಕೆರೆಯಲ್ಲಿ ನೀರು ನಿಂತಿರುವಾಗ ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಗೆಡ್ಡೆಗೆ ಗಾಳಿ ತಲುಪದೆ ಕೊಳೆಯುತ್ತದೆ, ಏಕೆಂದರೆ ಅದು ಉಸಿರಾಡುವುದು ನೀರಿನ ಮೇಲೆ ನಿಂತ ಎಲೆಗಳ ಮೂಲಕ. ಈ ಕೆಲಸಕ್ಕೆ ಯಂತ್ರಕ್ಕಿಂತ ಕುಡುಗೋಲು ಹಿಡಿದ ಆಳುಗಳೇ ಸರಿ.

ಬೆಳ್ಳಂದೂರಿನ ಓದುಗ:
ಫೋಟೊ ತೆಗೆಯುವವರ ಬಗ್ಗೆ ಯಾರಾದರೂ ಹೇಳಬೇಕು. ಹೆಸರಘಟ್ಟದ ಕಡೆ ಈ ಹಕ್ಕಿ ಕೆಂಪಾಗುವ ಕಾಲದಲ್ಲಿ ವಾರದ ಕೊನೆಗೆ ಕ್ಯಾಮೆರಾಗಳ ಸಾಲೇ ಸೇರುತ್ತದೆ. ಹುಲ್ಲು ಅಡ್ಡ ಬರುತ್ತದೆಂದು ಎಳೆಗಳನ್ನು ಕಿತ್ತು ಹಾಕುವವರನ್ನೂ, ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವವರನ್ನೂ ನೋಡಿದ್ದೇನೆ.

ಹುಲ್ಲುಗಾವಲು:
ಗೂಡಿಗೆ ಮರೆಯಾಗಿರುವ ಹುಲ್ಲನ್ನು ಕಿತ್ತರೆ ಕಾಗೆಗೂ ಮುಂಗುಸಿಗೂ ದಾರಿ ತೋರಿಸಿದಂತೆ. ಅಲ್ಲದೆ ಈ ಹಕ್ಕಿಯನ್ನು ನೋಡಲು ಹತ್ತಿರ ನುಗ್ಗಬೇಕಾಗಿಯೇ ಇಲ್ಲ. ದೂರದಲ್ಲಿ ಕದಲದೆ ಕೂತರೆ ಹಿಂಡೇ ಮೇಯುತ್ತ ಬರುತ್ತದೆ. ಬಾಗಿದ ತೆನೆಯ ಮೇಲೆ ಒಂದು ಹಕ್ಕಿ ಕೂತಿತೆನ್ನಿ: ಒಂದು ಕಾಲು ಒಂದು ದಂಟಿನ ಮೇಲೆ, ಇನ್ನೊಂದು ಪಕ್ಕದ ದಂಟಿನ ಮೇಲೆ, ತೂಕಕ್ಕೆ ಎರಡೂ ಬಾಗಿ ಹಕ್ಕಿ ತೂಗುತ್ತಿರುತ್ತದೆ. ತೆನೆಯಿಂದ ಒಂದು ಬೀಜ ಎಳೆದು ಕೊಕ್ಕಿನ ಅಂಚಿನಲ್ಲಿ ನಾಲಿಗೆಯಿಂದ ಉರುಳಿಸುತ್ತದೆ. ಹೊಟ್ಟು ಎರಡು ಚೂರಾಗಿ ಹೊರಗೆ ಜಾರುತ್ತದೆ, ಒಂದು ಚೂರು ಕೊಕ್ಕಿಗೇ ಅಂಟಿಕೊಂಡರೆ ದಂಟಿಗೆ ಉಜ್ಜಿ ಒರಸಿಕೊಳ್ಳುತ್ತದೆ. ಅಷ್ಟರಲ್ಲಿ ಇನ್ನೊಂದು ಹಕ್ಕಿ ಬಂದು ಮೈಗೆ ಮೈ ತಾಗಿಸಿ ಕೂತು ಇದರ ಕತ್ತಿನ ಗರಿ ನೇವರಿಸುತ್ತದೆ. ಒಂದು ಹಕ್ಕಿ ಸಣ್ಣಗೆ ಸೀಪ್ ಎಂದು ಎದ್ದರೆ ಸಾಕು, ಇಡೀ ಹಿಂಡು ಏಳುತ್ತದೆ.

ಮರಿಗಳ ರೀತಿಯೂ ವಿಶೇಷ. ಗುಬ್ಬಿ ಮರಿಯ ಹಾಗೆ ಕತ್ತು ನೀಡಿ ರೆಕ್ಕೆ ಬಡಿದು ಬೇಡುವುದಿಲ್ಲ. ಈ ಕುಟುಂಬದ ಮರಿಗಳು ಕತ್ತನ್ನು ತಿರುಚಿ ಬಾಯನ್ನು ಮೇಲಕ್ಕೆ ತೆರೆಯುತ್ತವೆ. ಕತ್ತಲ ಗೂಡಿನೊಳಗೆ ಬಾಯ ಒಳಗಿನ ಗುರುತುಗಳು ಎದ್ದು ಕಾಣುತ್ತವೆ, ತಂದೆತಾಯಿ ಕೊರಳಚೀಲದಲ್ಲಿ ನೆನೆದ ಬೀಜವನ್ನು ಆ ಬಾಯಿಗೆ ಕಕ್ಕಿ ಉಣಿಸುತ್ತವೆ. ಇದನ್ನು ಗೂಡಿಗೆ ಕೈ ಹಾಕಿ ನೋಡಬೇಕಾದದ್ದಲ್ಲ. ಪಂಜರದ ಹಕ್ಕಿಗಳನ್ನು ಗಮನಿಸಿದವರು ಮೊದಲೇ ಬರೆದಿಟ್ಟಿದ್ದಾರೆ.

ಗ್ವಾದಿಯಾನಾ:
ನಾನು ಕೆಲಸದ ನಿಮಿತ್ತ ಸ್ಪೇನಿನಲ್ಲಿರುವವನು, ಊರು ದಾವಣಗೆರೆ. ಈ ಹಕ್ಕಿ ಇಲ್ಲಿಯೂ ಇದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಪಂಜರದಿಂದ ತಪ್ಪಿಸಿಕೊಂಡ ಹಕ್ಕಿಗಳ ಸಂತತಿ 1970ರ ದಶಕದಿಂದ ಇಲ್ಲಿ ನೆಲೆಯೂರಿದೆ. ಬಾದಾಹೋಸ್, ಮೆರಿದಾ ಊರುಗಳ ಬಳಿ ಹರಿಯುವ ಗ್ವಾದಿಯಾನಾ ನದಿಯ ದಂಡೆಯ ಜೊಂಡು, ನೀರಾವರಿ ಹೊಲಗಳ ಅಂಚು ಇದರ ಜಾಗ. ನಮ್ಮ ಚರ್ಚೆಗೆ ಸಂಬಂಧಪಡುವ ಸಂಗತಿಯೆಂದರೆ ಇದು ಇಲ್ಲಿ ಮರಿ ಮಾಡುವ ಕಾಲ. ಸ್ಪೇನಿನ ಸ್ಥಳೀಯ ಸಣ್ಣ ಹಕ್ಕಿಗಳೆಲ್ಲ ವಸಂತದಲ್ಲಿ ಗೂಡು ಮಾಡಿ ಮುಗಿಸಿದ ಮೇಲೆ, ಬೇಸಗೆಯ ಕೊನೆ ಮತ್ತು ಶರತ್ಕಾಲದಲ್ಲಿ ಇದು ಶುರುಮಾಡುತ್ತದೆ. ಮುಂಗಾರೇ ಇಲ್ಲದ ನಾಡಿನಲ್ಲೂ ಹಳೆಯ ಪಂಚಾಂಗವನ್ನು ಬಿಟ್ಟಿಲ್ಲ. ಫಿಜಿ, ಹವಾಯಿ ದ್ವೀಪಗಳಲ್ಲೂ ಹೀಗೆ ಹೋಗಿ ನೆಲೆಸಿದೆ.

ತುಂಗಾತೀರ:
ಪಂಜರದ ಮಾತು ಬಂತು. ಈ ಹಕ್ಕಿಯಷ್ಟು ಹಳೆಯ ವ್ಯಾಪಾರದ ಚರಿತ್ರೆ ನಮ್ಮ ಸಣ್ಣ ಹಕ್ಕಿಗಳಲ್ಲಿ ಬೇರೆ ಯಾವುದಕ್ಕೂ ಇರಲಾರದು ಎಂದು ನನ್ನ ಅನಿಸಿಕೆ. 1670ರ ದಶಕದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್, ಅಹಮದಾಬಾದಿನಿಂದ ಬರುವ ಕೆಂಪು ಬಿಳಿ ಚುಕ್ಕೆಯ ಪುಟ್ಟ ಹಕ್ಕಿಗಳನ್ನು ಒಂದು ಪಂಜರಕ್ಕೆ ಐವತ್ತರಂತೆ ಇಟ್ಟಿರುತ್ತಿದ್ದರೆಂದೂ, ಒಂದು ಹಾಡಲು ತೊಡಗಿದರೆ ಉಳಿದವು ದನಿಗೂಡಿಸುತ್ತಿದ್ದವೆಂದೂ ಬರೆದಿದ್ದಾನೆ. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ವೈಜ್ಞಾನಿಕ ಹೆಸರಿಡುವ ಹೊತ್ತಿಗೆ ಯುರೋಪಿನಲ್ಲಿ ಇದು ಪರಿಚಿತ ಹಕ್ಕಿಯಾಗಿತ್ತು. ಅಮಂಡಾವ ಎಂಬ ಆ ವೈಜ್ಞಾನಿಕ ಹೆಸರಿನಲ್ಲಿ ಅಹಮದಾಬಾದ್ ಇವತ್ತಿಗೂ ಇದೆ. ಹತ್ತಿರದ ನಂಟ ಹಸಿರು ರಾಟವಾಳ ಭಾರತದಲ್ಲಿ ಮಾತ್ರ ಇರುವ ಹಕ್ಕಿ. ಮೌಂಟ್ ಅಬು, ಮಧ್ಯಭಾರತದ ಕೆಲವೆಡೆ ಕಾಣುತ್ತದೆ. ಅದು ಇಂದು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿರುವುದಕ್ಕೆ ಬಲೆಗಾರರ ಪಾಲು ದೊಡ್ಡದು.

ನಮ್ಮ ಸ್ವದೇಶಿ ಹಕ್ಕಿಗಳ ಮಾರಾಟಕ್ಕೆ 1990ರ ದಶಕದ ಆರಂಭದಿಂದಲೇ ನಿಷೇಧವಿದೆ. ಆದರೂ ಸಂತೆಗಳಲ್ಲಿ ರಾಟವಾಳಗಳಿಗೆ ಗಾಢ ಬಣ್ಣ ಬಳಿದು ವಿದೇಶಿ ಹಕ್ಕಿಯೆಂದು ಮಾರುವುದು ಪೂರ್ತಿ ನಿಂತಿಲ್ಲ. ಗ್ರಾಮಸಭೆಗೆ ಕಾನೂನಿನ ಮಾತೂ ಬೇಕಾದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ಅರ್ಥವಿವರಣೆಯೊಳಗೆ ರಕ್ಷಿತ ಹಕ್ಕಿಗಳ ಗೂಡು, ಮೊಟ್ಟೆಗಳನ್ನು ಹಾಳುಮಾಡುವುದೂ ಸೇರಿದೆ.

ಅಚ್ಚುಕಟ್ಟು:
ಕಾನೂನಿನ ಮಾತಿನಿಂದ ಗ್ರಾಮಸಭೆ ಆರಂಭಿಸಿದರೆ ಕೆಲಸ ಕೆಡುತ್ತದೆ. ಅದನ್ನು ಕೊನೆಗಿಟ್ಟುಕೊಳ್ಳಿ.

ನೀಲಗಿರಿ ತೋಪು:
ಒಪ್ಪಿದೆ. ಇನ್ನೊಂದು ತೊಡಕು ಬರಬಹುದು. ಹುಲ್ಲು ತೆಗೆದ ಅಂಚಿನಲ್ಲಿ ಸಸಿ ನೆಡುತ್ತೇವೆ, ಹಕ್ಕಿಗಳಿಗೆ ಮರವಾಯಿತಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹುಲ್ಲುಗಾವಲನ್ನು ಬಂಜರು ಎಂದು ಬರೆದುಕೊಳ್ಳುವ ಸರ್ಕಾರಿ ರೂಢಿ ಹಳೆಯದು. ಮರವಿಲ್ಲದ ನೆಲವೆಲ್ಲ ಖಾಲಿ ನೆಲವೆಂಬ ಭಾವನೆ ಅದರಿಂದ ಬೇರೂರಿದೆ. ನೆರಳು ಕವಿದ ಕಡೆ ಈ ಹುಲ್ಲುಗಳು ತೆನೆ ಬಿಡುವುದಿಲ್ಲ. ಬೀಜವಿಲ್ಲದ ಕಡೆ ಕೆಂಪು ರಾಟವಾಳಕ್ಕೆ ಎಷ್ಟು ಮರವಿದ್ದರೇನು? ಹೆಸರಘಟ್ಟದ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಬೇಕೆಂಬ ಮಾತಿಗೆ ವರ್ಷಗಟ್ಟಲೆ ಓಡಾಟ ಬೇಕಾಯಿತು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿನ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಆದರೆ ಮೀಸಲಿನ ಗಡಿಯೊಳಗೂ ತಪ್ಪು ತಿಂಗಳಲ್ಲಿ ಹುಲ್ಲು ಕೊಯ್ದರೆ ಹಕ್ಕಿಗೆ ಫಲ ಒಂದೇ.

ಅರ್ಕಾವತಿ ದಂಡೆ:
ಎಲ್ಲರಿಗೂ ಕೃತಜ್ಞತೆಗಳು. ಗ್ರಾಮಸಭೆಗೆ ಹೀಗೆ ಬರೆದುಕೊಂಡಿದ್ದೇನೆ, ತಿದ್ದುವುದಿದ್ದರೆ ತಿಳಿಸಿ. ತೂಬಿನ ಬಾಯಿ, ಕೋಡಿ ಮತ್ತು ಕೆರೆಯ ನಡುವಿನ ಆಪನ್ನು ಈಗಲೇ ಆಳುಗಳಿಂದ ನೀರಿನ ಮಟ್ಟದ ಕೆಳಗೆ ಕತ್ತರಿಸಿ ತೆಗೆಸುವುದು. ದಡದ ಹುಲ್ಲನ್ನು ಫೆಬ್ರುವರಿಯವರೆಗೆ ಮುಟ್ಟದಿರುವುದು, ಆಮೇಲೂ ಒಂದೇ ವರ್ಷ ಸುತ್ತಲೂ ಬೋಳಿಸದೆ ಅರ್ಧ ದಡ ಈ ವರ್ಷ, ಅರ್ಧ ದಡ ಮುಂದಿನ ವರ್ಷ ಕೊಯ್ಯುವುದು. ಕೊಯ್ದ ಹುಲ್ಲು ದನಗಳಿಗೆ. ದಡದಲ್ಲಿ ಸಸಿ ನೆಡದಿರುವುದು.

ಅಚ್ಚುಕಟ್ಟು:
ಫೆಬ್ರುವರಿಗೆ ಹುಲ್ಲು ಒಣಗಿ ಬಿರುಸಾಗಿರುತ್ತದೆ, ದನ ಇಷ್ಟಪಟ್ಟು ತಿನ್ನುವುದಿಲ್ಲ. ಕೊಟ್ಟಿಗೆಗೆ ಹಾಸಲು, ಗೊಬ್ಬರದ ಗುಂಡಿಗೆ ಆಗುತ್ತದೆ ಎಂದು ಬರೆಯಿರಿ, ಇಲ್ಲದಿದ್ದರೆ ಮೊದಲ ಪ್ರಶ್ನೆ ಅದೇ ಬರುತ್ತದೆ. ಅರ್ಧರ್ಧ ಕೊಯ್ಯುವುದಕ್ಕೆ ನನ್ನ ಒಪ್ಪಿಗೆಯಿದೆ.

ಹುಲ್ಲುಗಾವಲು:
ಒಂದು ಸಾಲು ಸೇರಿಸಿ. ಕೊಯ್ಯುವ ಮುನ್ನಾದಿನ ಬೆಳಿಗ್ಗೆ ಇಬ್ಬರು ದಡದುದ್ದಕ್ಕೂ ನಡೆದು ನೋಡಲಿ. ಗರಿಯನ್ನೋ ಹುಲ್ಲೆಳೆಯನ್ನೋ ಕಚ್ಚಿಕೊಂಡ ಹಕ್ಕಿ, ಇಲ್ಲವೇ ಪದೇ ಪದೇ ಒಂದೇ ಪೊದೆಗೆ ಇಳಿಯುವ ಜೋಡಿ ಕಂಡರೆ ಅಲ್ಲೊಂದು ಕೋಲು ನೆಟ್ಟು ಅದರ ಸುತ್ತ ನಾಲ್ಕು ಮಾರು ಬಿಟ್ಟು ಕೊಯ್ದರೆ ಸಾಕು. ಕೋಲಿಗೆ ಬಟ್ಟೆ ಕಟ್ಟಬೇಡಿ, ಅದು ಕಾಗೆಗೂ ಕಾಣುತ್ತದೆ, ಫೋಟೊದವರಿಗೂ ಕಾಣುತ್ತದೆ.